ಮೊಮ್ಮಗಳ ಗಾಡಿಯ ಮುಂಗಾಲಿಗಳು

ಮೈಸೂರು, 12 ಜನವರಿ 2025, ಭಾನುವಾರ

ಇಂದು ಬೆಳಿಗ್ಗೆ ಏಳೂವರೆಗೆ ಮೊಮ್ಮಗಳ ಗಾಡಿಯು ನಮ್ಮ ಅಂಗಳದ ತುಳಸಿಕಟ್ಟೆಯನ್ನು ಒಂದೇ ಕೈಯ ಒತ್ತಾಸೆಯಲ್ಲಿ ಪೂರ್ತಿ ಸುತ್ತಿ ಬಂದಿತು. ಗಾಡಿಯಲ್ಲಿ ಮೊಮ್ಮಗಳಿರಲಿಲ್ಲ, ಎಂಟು ಕೆ.ಜಿ. ಅಕ್ಕಿಯ ಚೀಲವನ್ನು ಬೆಲ್ಟಿನಿಂದ ಬಿಗಿದು ಕೂರಿಸಿದ್ದೆ. ನಾಲ್ಕು ವಾರಗಳಿಂದ ಈ ಚೀಲವೇ ನನ್ನ ಸವಾರಿಯಾಗಿರುವುದರಿಂದ ಅಕ್ಕಪಕ್ಕದವರು ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಗಾಡಿಯ ಮುಂಗಾಲಿಗಳು ಹೊರಳುವಂತೆ ಮಾಡುವ ಕೆಲಸ ಮುಗಿಯಿತೆಂದು ಬರೆಯುವಂತಿಲ್ಲ, ಆದರೆ ಎಲ್ಲೆಲ್ಲಿ ಎಡವಿದೆ ಎಂಬುದು ಮರೆಯುವ ಮೊದಲು ಬರೆದಿಡುವುದು ಒಳ್ಳೆಯದು.

ಗಾಡಿ ನೆಂಟರ ಮನೆಯ ಅಟ್ಟದಿಂದ ಬಂದದ್ದು. ಚೌಕಟ್ಟು ಗಟ್ಟಿಯಾಗಿದೆ, ತೊಟ್ಟಿಲ ಭಾಗದ ಸ್ಪ್ರಿಂಗುಗಳು ಇಂದಿಗೂ ಮೆತ್ತಗಿವೆ. ದೋಷವೆಂದರೆ ನಾಲ್ಕು ಗಾಲಿಗಳೂ ಅಚ್ಚಿಗೆ ನೇರವಾಗಿ ಕೂತಿದ್ದು, ಯಾವುದೂ ಎಡಕ್ಕಾಗಲಿ ಬಲಕ್ಕಾಗಲಿ ಹೊರಳುವುದಿಲ್ಲ. ತಿರುಗಿಸಬೇಕಾದರೆ ಹಿಡಿಯನ್ನು ಕೆಳಕ್ಕೆ ಅದುಮಿ, ಮುಂಗಾಲಿಗಳನ್ನು ಎತ್ತಿ, ಹಿಂಗಾಲಿಗಳ ಮೇಲೆ ಇಡೀ ಗಾಡಿಯನ್ನು ತಿರುಚಬೇಕು. ಮೊದಲ ದಿನವೇ ಮನೆಯವಳು ಮಣಿಕಟ್ಟು ನೋವೆಂದಾಗ, ಅಭ್ಯಾಸವಾದರೆ ಸರಿಹೋಗುತ್ತದೆ ಎಂದು ಹೇಳಿದ್ದು ನನ್ನ ತಪ್ಪು. ಆಮೇಲೆ ಅಳತೆ ತೆಗೆದೆ. ಮಗು ಸೇರಿ ಒಟ್ಟು ತೂಕ 18 ಕೆ.ಜಿ., ಭಾರಕೇಂದ್ರವು ಹಿಂದಿನ ಅಚ್ಚಿನಿಂದ 350 ಮಿ.ಮೀ. ಮುಂದಕ್ಕೆ, ಹಿಡಿಯು ಅದೇ ಅಚ್ಚಿನಿಂದ 300 ಮಿ.ಮೀ. ಹಿಂದಕ್ಕೆ. ಸನ್ನೆಯ ಲೆಕ್ಕದಲ್ಲಿ ಮುಂಗಾಲಿಗಳು ನೆಲ ಬಿಡಬೇಕಾದರೆ ಹಿಡಿಯ ಮೇಲೆ 21 ಕೆ.ಜಿ. ಭಾರ ಬೀಳಬೇಕು. ಅಂದರೆ ಗಾಡಿ ಮತ್ತು ಮಗುವಿನ ಒಟ್ಟು ತೂಕಕ್ಕಿಂತ ಹೆಚ್ಚಿನದನ್ನು ಪ್ರತಿ ತಿರುವಿನಲ್ಲೂ ಅವಳು ಮಣಿಕಟ್ಟಿನಿಂದ ಒತ್ತುತ್ತಿದ್ದಳು. ಆ ಸಂಜೆ ಕಾಗದವನ್ನು ಅವಳಿಗೆ ತೋರಿಸಿ ತಪ್ಪೊಪ್ಪಿಕೊಂಡೆ.

ಎತ್ತಿನ ಗಾಡಿಗೆ ಸ್ಟಿಯರಿಂಗ್ ಬೇಕಿಲ್ಲ, ಏಕೆಂದರೆ ಅದಕ್ಕಿರುವುದು ಎರಡೇ ಗಾಲಿ. ಎತ್ತುಗಳು ತಿರುಗಿದತ್ತ ನೊಗ ತಿರುಗುತ್ತದೆ, ಒಳಗಡೆಯ ಗಾಲಿ ನಿಧಾನವಾಗಿಯೂ ಹೊರಗಡೆಯದು ಜೋರಾಗಿಯೂ ಉರುಳುತ್ತದೆ, ಯಾವುದೂ ನೆಲವನ್ನು ಉಜ್ಜುವುದಿಲ್ಲ. ತೊಂದರೆ ಆರಂಭವಾಗುವುದು ಎರಡನೆಯ ಅಚ್ಚು ಸೇರಿದಾಗ. ಮಕ್ಕಳ ಗಾಡಿಯ ಚರಿತ್ರೆಯಲ್ಲಿ ಮೊದಲು ಹೇಳುವುದು 1733ರಲ್ಲಿ ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕ್ ಮನೆಯ ಮಕ್ಕಳಿಗಾಗಿ ಮಾಡಿದ ಗಾಡಿಯನ್ನು. ಅದನ್ನು ಎಳೆಯಲು ಮೇಕೆಯನ್ನೋ ಮರಿಗುದುರೆಯನ್ನೋ ಕಟ್ಟುವ ಏರ್ಪಾಡಿತ್ತಂತೆ. ಎಳೆಯುವ ಪ್ರಾಣಿ ಮುಂದಿದ್ದರೆ ದಿಕ್ಕಿನ ಚಿಂತೆಯನ್ನು ಅದಕ್ಕೆ ಬಿಡಬಹುದು. ಹಿಂದಿನಿಂದ ತಳ್ಳುವವರಿಗೆ ಆ ಅನುಕೂಲವಿಲ್ಲ: ಅವರ ಕೈ ಒಂದು ತುದಿಯಲ್ಲಿ, ತಿರುಗಬೇಕಾದ ಗಾಲಿ ಇನ್ನೊಂದು ತುದಿಯಲ್ಲಿ, ನಡುವೆ ಮಲಗಿದ ಮಗು.

ನಾನು ಮೊದಲು ಬರೆದ ನಕ್ಷೆ ಬಾಲ್ಯದ ಬೇರಿಂಗ್ ಗಾಡಿಯದು. ಒಂದು ಹಲಗೆ, ಮುಂದೆ ಅಡ್ಡಪಟ್ಟಿ, ಪಟ್ಟಿಯ ನಟ್ಟನಡುವೆ ಒಂದು ಬೋಲ್ಟು, ಎರಡು ತುದಿಗೆ ಹಗ್ಗ. ಇಳಿಜಾರಿನಲ್ಲಿ ಕಾಲಿನಿಂದ ಪಟ್ಟಿಯನ್ನು ಒದ್ದು ತಿರುಗಿಸುತ್ತಿದ್ದೆವು. ಜೋರಾಗಿ ಒದ್ದಾಗ ಗಾಡಿ ಮಗುಚಿ ಮೊಣಕಾಲು ತರಚುತ್ತಿತ್ತು. ಮಗುಚುತ್ತಿದ್ದುದರ ಕಾರಣ ಆಗ ತಿಳಿದಿರಲಿಲ್ಲ. ಅಚ್ಚು ನಡುಬೋಲ್ಟಿನ ಸುತ್ತ ತಿರುಗಿದಷ್ಟೂ ಎರಡು ಮುಂಗಾಲಿಗಳು ನಡುಗೆರೆಯ ಕಡೆಗೆ ಸರಿಯುತ್ತವೆ. ಅಗಲವಾಗಿ ನಿಂತಿದ್ದ ಗಾಡಿ ತಿರುವಿನಲ್ಲೇ, ಅಂದರೆ ಬೀಳುವ ಸಾಧ್ಯತೆ ಹೆಚ್ಚಿರುವ ಹೊತ್ತಿನಲ್ಲೇ, ಕಿರಿದಾಗುತ್ತದೆ. ಎರಡನೆಯ ದೋಷವೂ ಇದೆ. ಗಾಡಿಯ ಅಗಲ 480 ಮಿ.ಮೀ.; ಒಂದು ಗಾಲಿ ಕಲ್ಲಿಗೆ ಬಡಿದರೆ ಆ ಪೆಟ್ಟು 240 ಮಿ.ಮೀ. ಉದ್ದದ ಸನ್ನೆಯಾಗಿ ಇಡೀ ಅಚ್ಚನ್ನು ಪಕ್ಕಕ್ಕೆ ಎಳೆಯುತ್ತದೆ. ನಮ್ಮ ಬೀದಿಯಲ್ಲಿ ಕಲ್ಲಿಗೆ ಬರವಿಲ್ಲ. ಆ ನಕ್ಷೆಯನ್ನು ಹರಿದು ಹಾಕಿದೆ.

ಎರಡನೆಯದು ಮೋಟಾರು ವಾಹನಗಳ ದಾರಿ. ಅಚ್ಚು ಅಲುಗದೆ ನಿಂತಿರುತ್ತದೆ, ಅದರ ತುದಿಗಳಲ್ಲಿ ಪ್ರತಿ ಗಾಲಿಯೂ ಕಿಂಗ್ ಪಿನ್ ಎಂಬ ತನ್ನದೇ ನೆಟ್ಟನೆಯ ಸರಳಿನ ಮೇಲೆ ಹೊರಳುತ್ತದೆ, ಎರಡನ್ನೂ ಟೈ ರಾಡ್ ಎಂಬ ಒಂದು ಅಡ್ಡಸರಳು ಜೋಡಿಸುತ್ತದೆ. ಇದನ್ನು ಆಕರ್ಮನ್ ಸ್ಟಿಯರಿಂಗ್ ಎನ್ನುತ್ತಾರಾದರೂ, ಆಕರ್ಮನ್ ಲಂಡನ್ನಿನ ಚಿತ್ರ ಮತ್ತು ಪುಸ್ತಕಗಳ ಪ್ರಕಾಶಕ. 1818ರಲ್ಲಿ ಅವನು ಪೇಟೆಂಟ್ ಪಡೆದದ್ದು ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್ಸ್‌ಪರ್ಗರ್‌ನ ಪರವಾಗಿ. ಅದಕ್ಕೂ ಸುಮಾರು ಆರು ದಶಕ ಮೊದಲೇ, ರೋಗಿಗಳನ್ನು ನೋಡಲು ಊರೂರು ಸುತ್ತುತ್ತಿದ್ದ ವೈದ್ಯ ಎರಾಸ್ಮಸ್ ಡಾರ್ವಿನ್, ಅಂದರೆ ಚಾರ್ಲ್ಸ್ ಡಾರ್ವಿನ್‌ನ ತಾತ, ತನ್ನ ಸಾರೋಟಿಗೆ ಇದೇ ತತ್ತ್ವವನ್ನು ಯೋಚಿಸಿದ್ದ. ಶ್ರಮ ಒಬ್ಬರದು, ಹೆಸರು ಮತ್ತೊಬ್ಬರದು ಎಂಬುದು ನಾನು ಕೆಲಸ ಮಾಡುತ್ತಿದ್ದ ಟೂಲ್ ರೂಮಿನಲ್ಲೂ, ಅಂದರೆ ಉಪಕರಣ ತಯಾರಿಸುವ ವಿಭಾಗದಲ್ಲೂ, ನಡೆಯುತ್ತಿದ್ದದ್ದೇ.

ಈ ಜೋಡಣೆಯಲ್ಲಿ ಕಲ್ಲಿನ ಪೆಟ್ಟಿಗೆ ಸಿಗುವ ಸನ್ನೆ ಗಾಲಿಗೂ ಕಿಂಗ್ ಪಿನ್ನಿಗೂ ನಡುವಿನ 30 ಮಿ.ಮೀ. ಮಾತ್ರ, ಹಿಂದಿನದರ ಎಂಟನೆಯ ಒಂದು ಪಾಲು. ತಿರುವಿನಲ್ಲಿ ಗಾಲಿಗಳು ಉಜ್ಜದಿರಬೇಕಾದರೆ ಒಳಗಾಲಿ ಹೊರಗಾಲಿಗಿಂತ ಹೆಚ್ಚು ಹೊರಳಬೇಕು. ಪಿನ್ನುಗಳ ನಡುವೆ 480, ಅಚ್ಚುಗಳ ನಡುವೆ 640 ಮಿ.ಮೀ. ಇಟ್ಟುಕೊಂಡರೆ, ಒಳಗಾಲಿ 30 ಡಿಗ್ರಿ ಹೊರಳಿದಾಗ ಹೊರಗಾಲಿ ಸುಮಾರು 22 ಡಿಗ್ರಿಗೆ ನಿಲ್ಲಬೇಕು. ಗಾಲಿಗಳನ್ನು ಟೈ ರಾಡಿಗೆ ಸೇರಿಸುವ ಸ್ಟಿಯರಿಂಗ್ ತೋಳುಗಳನ್ನು ಹಿಂದಿನ ಅಚ್ಚಿನ ನಡುಬಿಂದುವಿನತ್ತ ಓರೆಯಾಗಿಟ್ಟರೆ ಈ ವ್ಯತ್ಯಾಸ ಬಹುಮಟ್ಟಿಗೆ ತಾನಾಗಿ ಬರುತ್ತದೆ. ನನ್ನ ಅಳತೆಗೆ ಆ ಓರೆ ಇಪ್ಪತ್ತೂವರೆ ಡಿಗ್ರಿ. ಪ್ಲೈವುಡ್ಡಿನಲ್ಲಿ ಮಾದರಿ ಮಾಡಿ, ಹಿಡಿಯಿಂದ ಮುಂದಕ್ಕೆ ಸೈಕಲ್ಲಿನ ಎರಡು ಬ್ರೇಕ್ ಕೇಬಲ್ಲುಗಳನ್ನು ಎಳೆದು ಜೋಡಿಸಿದೆ. ನೋಡಲು ಬಹಳ ಚೆಂದವಾಗಿತ್ತು. ನಾನು ಅದನ್ನು ಬಿಡಲು ಒಂದು ವಾರ ತೆಗೆದುಕೊಂಡದ್ದು ಆ ಚೆಂದದಿಂದಲೇ.

ಅದು ಸೋತದ್ದು ನಮ್ಮ ಮನೆಯ ಗೇಟಿನಲ್ಲಿ. ಒಳಗಾಲಿ 30 ಡಿಗ್ರಿ ಹೊರಳಿದರೂ ಗಾಡಿಯು ಸುತ್ತುವ ಬಿಂದು ಪಕ್ಕಕ್ಕೆ ಒಂದು ಮೀಟರಿಗಿಂತ ದೂರದಲ್ಲಿರುತ್ತದೆ; ಹೊರಗಡೆಯ ಹಿಂಗಾಲಿಯಂತೂ ಸುಮಾರು 1.6 ಮೀಟರ್ ತ್ರಿಜ್ಯದ ಕಮಾನಿನಲ್ಲಿ ಉರುಳುತ್ತದೆ. ಗೇಟಿನ ಅಗಲ 900 ಮಿ.ಮೀ., ಆಚೆ ಮೋರಿಯ ಚಪ್ಪಡಿ. ಕಾರಿನ ಹಾಗೆ ಹಿಂದೆ ಮುಂದೆ ಮಾಡಿ ಹೊರಡಿಸಬೇಕಾಯಿತು. ಜೊತೆಗೆ ಕೇಬಲ್ಲು ಸಡಿಲವಾದಾಗ ಹಿಡಿ ತಿರುಗಿ ಅರೆಕ್ಷಣದ ಮೇಲೆ ಗಾಲಿ ತಿರುಗುತ್ತಿತ್ತು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಮನೆಯವಳು, “ಇದನ್ನ ತಳ್ಳೋಕೆ ನಾನು ಲೈಸೆನ್ಸ್ ಮಾಡಿಸ್ಬೇಕೇನ್ರೀ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಡಿಯನ್ನು ತಿರುಗಿಸುವುದು ತಳ್ಳುವವರಿಗೆ ಎರಡನೆಯ ಕೆಲಸ. ಗಾಡಿಗೆ ಬೇಕಾದದ್ದು ತಳ್ಳುವುದರಲ್ಲೇ ದಿಕ್ಕನ್ನು ಓದಿಕೊಳ್ಳುವ ಗಾಲಿ.

ಅಂಥ ಗಾಲಿ ಎಲ್ಲ ಆಸ್ಪತ್ರೆಯ ಟ್ರಾಲಿಯಲ್ಲೂ, ಆಫೀಸಿನ ಕುರ್ಚಿಯಲ್ಲೂ ಇದೆ. ಕ್ಯಾಸ್ಟರ್ ಗಾಲಿಯಲ್ಲಿ ಹೊರಳುವ ಪಿನ್ನು ಮುಂದಿರುತ್ತದೆ, ಗಾಲಿ ನೆಲವನ್ನು ಮುಟ್ಟುವ ಜಾಗ ಅದಕ್ಕಿಂತ ಸ್ವಲ್ಪ ಹಿಂದಿರುತ್ತದೆ. ಹಗ್ಗ ಹಿಡಿದು ನಡೆದವರ ಹಿಂದೆ ಕರು ಬರುವಂತೆ ಗಾಲಿಯು ಪಿನ್ನಿನ ಹಿಂದೆ ಬರುತ್ತದೆ. ಎಡಗೈ ಸ್ವಲ್ಪ ಹೆಚ್ಚು ತಳ್ಳಿದರೆ ಗಾಡಿ ಬಲಕ್ಕೆ ತಿರುಗುತ್ತದೆ, ಅಷ್ಟೇ. ಹಿಂದಿನ ಅಚ್ಚಿನ ನಡುಬಿಂದುವಿನ ಮೇಲೆಯೇ ಸುತ್ತಬಹುದಾದ್ದರಿಂದ ಗೇಟು ಸಮಸ್ಯೆಯಲ್ಲ. ಬಾಲ್ಟಿಮೋರಿನ ವಿಲಿಯಂ ರಿಚರ್ಡ್‌ಸನ್ 1889ರಲ್ಲಿ ಪೇಟೆಂಟ್ ಪಡೆದ ಮಕ್ಕಳ ಗಾಡಿಯಲ್ಲೂ ಇಕ್ಕಟ್ಟಿನಲ್ಲಿ ತಿರುಗಿಸುವುದೇ ಯೋಚನೆಯಾಗಿತ್ತು. 1965ರಲ್ಲಿ ಕೊಡೆಯಂತೆ ಮಡಚುವ, ಮೂರು ಕೆ.ಜಿ.ಯೂ ತೂಗದ ಗಾಡಿಯನ್ನು ರೂಪಿಸಿದ ಓವನ್ ಮ್ಯಾಕ್ಲಾರೆನ್, ಸ್ಪಿಟ್‌ಫೈರ್ ಯುದ್ಧವಿಮಾನದ ಇಳಿಗಾಲಿಗಳ ಮೇಲೆ ಕೆಲಸ ಮಾಡಿದ್ದವನು. ವಿಮಾನಕ್ಕೂ ತೊಟ್ಟಿಲಿಗೂ ಏನು ಸಂಬಂಧ ಎಂದು ಮೊದಲು ಅನ್ನಿಸಿತ್ತು. ಕಳೆದ ವಾರ ನನ್ನ ಗಾಡಿಗೆ ಬಂದ ಕಾಯಿಲೆ ವಿಮಾನದ ಮೂತಿಗಾಲಿಗೂ ಬರುವಂಥದ್ದು ಎಂದು ತಿಳಿದ ಮೇಲೆ ಹಾಗೆ ಅನ್ನಿಸುವುದಿಲ್ಲ.

ಕಾಯಿಲೆಗೆ ಮೊದಲು ಒಂದು ಅವಾಂತರ. 175 ಮಿ.ಮೀ. ವ್ಯಾಸದ ಎರಡು ಗಾಲಿ, ಪಿನ್ನಿಗೂ ಗಾಲಿಯ ಅಚ್ಚಿಗೂ ನಡುವೆ 35 ಮಿ.ಮೀ. ಅಂತರ ಎಂದು ನಿಶ್ಚಯಿಸಿ, ಪಿನ್ನು ಕೂರುವ ಕೊಳವೆಗಳನ್ನು ಚೌಕಟ್ಟಿಗೆ ಬೆಸೆಯಲು ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಬಲಗಡೆಯ ಕೊಳವೆ ಬಿಸಿಗೆ ಎಳೆದುಕೊಂಡು ಸುಮಾರು ಮೂರು ಡಿಗ್ರಿ ಪಕ್ಕಕ್ಕೆ ವಾಲಿತು. ಕಣ್ಣಿಗೆ ಕಾಣುವಷ್ಟೇನೂ ಅಲ್ಲ, ಆದರೆ ಚೌಕಟ್ಟು ಸೊಟ್ಟಗಿದ್ದರೆ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲವೇ, ಹಾಗೆ ಆ ಗಾಲಿ ನಿಂತಲ್ಲೇ ಬಲಕ್ಕೆ ವಾಲಿಕೊಳ್ಳುತ್ತಿತ್ತು. ಯಜಮಾನರು, “ಮೂರು ಡಿಗ್ರಿಗೆಲ್ಲ ಏನಾಗುತ್ತೆ ಸಾರ್, ಮಗು ಗಾಡಿ ತಾನೆ” ಎಂದರು. ಅಂಗಡಿಯ ಮುಂದೆಯೇ ಅಕ್ಕಿಯ ಚೀಲ ಕೂರಿಸಿ ಹತ್ತು ಹೆಜ್ಜೆ ತಳ್ಳಿ ತೋರಿಸಿದೆ. ಕತ್ತರಿಸಿ ಮತ್ತೆ ಬೆಸೆದುಕೊಟ್ಟರು, ಎರಡನೆಯ ಸಲಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಇನ್ನು ಕಾಯಿಲೆ. ನಿಧಾನವಾಗಿ ತಳ್ಳಿದಾಗ ಎಲ್ಲವೂ ಸರಿಯಿತ್ತು. ಚುರುಕು ನಡಿಗೆಗೆ ಬಂದೊಡನೆ ಎಡ ಮುಂಗಾಲಿ ಬಾಲ ಅಲ್ಲಾಡಿಸುವ ನಾಯಿಯಂತೆ ಪಟಪಟನೆ ಎಡಕ್ಕೂ ಬಲಕ್ಕೂ ಬಡಿದಾಡತೊಡಗಿತು. ಹಿಡಿಯಲ್ಲಿ ಝುಮ್ಮೆನ್ನುವ ಕಂಪನ, ಅಕ್ಕಿಯ ಚೀಲ ನಡುಗುತ್ತಿತ್ತು. ವಿಮಾನದವರು ಇದನ್ನು ಶಿಮ್ಮಿ ಎನ್ನುತ್ತಾರೆ. ಗಾಲಿ ಸ್ವಲ್ಪ ಓರೆಯಾದರೆ ನೆಲವು ಅದನ್ನು ಸರಿದಾರಿಗೆ ಎಳೆಯುತ್ತದೆ. ಎಳೆದ ಜೋರಿಗೆ ಅದು ನಡುವನ್ನು ದಾಟಿ ಆ ಕಡೆಗೆ ಹೋಗುತ್ತದೆ. ಚೌಕಟ್ಟಿನ ಮಣಿತ ಮತ್ತು ರಬ್ಬರಿನ ಪುಟಿತ ಸೇರಿಕೊಂಡರೆ, ತಳ್ಳುವ ಕೈಯ ಶಕ್ತಿಯನ್ನೇ ಕದ್ದು ಓಲಾಟ ಬೆಳೆಯುತ್ತದೆ. ಪಿನ್ನು ಕೂರುವ ಬುಷ್‌ನಲ್ಲಿ, ಅಂದರೆ ಒಳಗಿನ ಲೋಹದ ಬಳೆಯಲ್ಲಿ, ಸಡಿಲವಿದ್ದರೆ ಇನ್ನೂ ಬೇಗ. ವಿಮಾನಗಳಲ್ಲಿ ಇದಕ್ಕಾಗಿಯೇ ಎಣ್ಣೆ ತುಂಬಿದ ಡ್ಯಾಂಪರ್ ಇಡುತ್ತಾರೆ.

ಓಲಾಟ ತಗ್ಗಿಸಲು ಪಿನ್ನಿಗೂ ಗಾಲಿಯ ಅಚ್ಚಿಗೂ ನಡುವಿನ ಅಂತರವನ್ನು 35ರಿಂದ 55ಕ್ಕೆ ಹೆಚ್ಚಿಸಬಹುದಿತ್ತು, ಆದರೆ ಆಗ ಗಾಲಿ ಹೊರಳಲು ಬೇಕಾದ ಸುತ್ತು 122ರಿಂದ 142 ಮಿ.ಮೀ. ತ್ರಿಜ್ಯಕ್ಕೆ ಬೆಳೆದು ಕಾಲುಹಲಗೆಗೆ ತಾಗುವಷ್ಟು ಹತ್ತಿರವಾಗುತ್ತದೆ. ಗಾಡಿಯನ್ನು ಹಿಂದಕ್ಕೆ ಎಳೆದಾಗ ಗಾಲಿಗಳು ಸುತ್ತಿ ಬರುವ ಭರಕ್ಕೆ ಮೂತಿ ಪಕ್ಕಕ್ಕೆ ಒದೆಯುವುದೂ ಜಾಸ್ತಿಯಾಗುತ್ತದೆ. ಹಾಗಾಗಿ ಅಂತರವನ್ನು ಮುಟ್ಟದೆ ಲೇತಿನಲ್ಲಿ ಬಿಗಿಯಾದ ಹಿತ್ತಾಳೆ ಬುಷ್ ಕೊರೆಸಿದೆ, ಓಲಾಟ ಅರ್ಧಕ್ಕಿಳಿಯಿತು. ಉಳಿದರ್ಧಕ್ಕೆ ಬೇಕಾದದ್ದು ಪಿನ್ನಿಗೆ ಸ್ವಲ್ಪ ತಿಕ್ಕಾಟ. ನಿನ್ನೆ ರಾತ್ರಿ ಹಳೆಯ ಕಂಬಳಿಯ ಅಂಚಿನಿಂದ ಎರಡು ದುಂಡು ಬಿಲ್ಲೆ ಕತ್ತರಿಸಿ, ಗ್ರೀಸ್ ಸವರಿ, ಕೊಳವೆಗೂ ಗಾಲಿಯನ್ನು ಹಿಡಿದ ಕವಲಿಗೂ ನಡುವೆ ಇಟ್ಟು, ಮೇಲೆ ಸ್ಪ್ರಿಂಗ್ ವಾಷರ್ ಹಾಕಿ ನಟ್ಟನ್ನು ಕಾಲುಸುತ್ತು ಬಿಗಿ ಮಾಡಿದೆ. ಬೆರಳಿನಿಂದ ಹೊರಳಿಸಿದರೆ ಗಾಲಿ ಮೊದಲಿನಂತೆ ಜಾರದೆ, ಗಂಧದ ಕೊರಡನ್ನು ಸಾಣೆಯ ಮೇಲೆ ತೇಯುವಾಗಿನಂಥ ಒಂದು ಹಿಡಿತದೊಡನೆ ಸರಿಯುತ್ತದೆ. ಇಂದು ಬೆಳಿಗ್ಗೆ ಓಡುತ್ತಾ ತಳ್ಳಿದರೂ ಬಡಿದಾಟವಿಲ್ಲ. ಹೆಚ್ಚು ಬಿಗಿದರೆ ಗಾಲಿ ದಿಕ್ಕನ್ನೇ ಹಿಡಿಯದೆ ಅಡ್ಡಡ್ಡ ಉಜ್ಜುತ್ತದೆ ಎಂಬುದನ್ನೂ ಕಂಡುಕೊಂಡೆ; ಕಾಲುಸುತ್ತು ಸರಿ, ಅರ್ಧ ಸುತ್ತು ತಪ್ಪು.

ಉಳಿದಿರುವುದು ಬೀದಿಯ ಓರೆ. ನೀರು ಹರಿಯಲೆಂದು ರಸ್ತೆ ಅಂಚಿಗೆ ಇಳಿಜಾರಾಗಿರುತ್ತದೆ, ಮುಂಗಾಲಿಗಳು ಎತ್ತ ಬೇಕಾದರೂ ಹೊರಳುವುದರಿಂದ ಗಾಡಿಯ ಮೂತಿ ಮೋರಿಯತ್ತ ಜಾರುತ್ತದೆ. ನೂರಕ್ಕೆ ಎರಡರ ಇಳಿಜಾರಿಗೆ ನನ್ನ ಲೆಕ್ಕದಲ್ಲಿ ಒಂದು ಕೈ ಮುನ್ನೂರು ಗ್ರಾಂ ಹೆಚ್ಚು ತಳ್ಳಿ ಇನ್ನೊಂದು ಅಷ್ಟೇ ಕಡಿಮೆ ತಳ್ಳಿದರೆ ಸಾಕು. ಎರಡು ಕೈ ಇದ್ದಾಗ ಗೊತ್ತೇ ಆಗುವುದಿಲ್ಲ. ಒಂದು ಕೈಯಲ್ಲಿ ಕೊಡೆಯೋ ತರಕಾರಿ ಚೀಲವೋ ಇದ್ದಾಗ ಗೊತ್ತಾಗುತ್ತದೆ. ಓಡುತ್ತಾ ತಳ್ಳುವ ಮೂರು ಗಾಲಿಯ ಗಾಡಿಗಳಲ್ಲಿ ಮುಂಗಾಲಿಯನ್ನು ನೇರಕ್ಕೆ ಲಾಕ್ ಮಾಡುವ ಏರ್ಪಾಡಿರುವುದು ಇಂಥದಕ್ಕಾಗಿಯೂ ಹೌದು, ಶಿಮ್ಮಿಯ ಭಯಕ್ಕಾಗಿಯೂ ಹೌದು. ಕವಲಿನಲ್ಲಿ ಆರು ಮಿ.ಮೀ. ರಂಧ್ರ ಕೊರೆದು, ಸ್ಪ್ರಿಂಗ್ ಇಟ್ಟ ಒಂದು ಪಿನ್ನನ್ನು ಕೂರಿಸಬೇಕೆಂದಿದ್ದೇನೆ: ಉದ್ದದ ರಸ್ತೆಯಲ್ಲಿ ಲಾಕ್, ಅಂಗಳದಲ್ಲಿ ಬಿಡುಗಡೆ. ಪಿನ್ನು ಕಾಲಿಗೆ ಸಿಗಬೇಕು, ಮಗುವಿನ ಕೈಗೆ ಸಿಗಬಾರದು. ಬ್ರೇಕನ್ನು ಹೊಸ ತೂಕಕ್ಕೆ ಇಳಿಜಾರಿನಲ್ಲಿ ಪರೀಕ್ಷಿಸುವುದೂ ಬಾಕಿ. ಅದಾಗುವವರೆಗೆ ಚೀಲ ಇಳಿಯುವುದಿಲ್ಲ, ಮೊಮ್ಮಗಳು ಹತ್ತುವುದಿಲ್ಲ.

ಮಧ್ಯಾಹ್ನ ಮನೆಯವಳು ತಾನೂ ಒಂದು ಸುತ್ತು ತಳ್ಳಿ ನೋಡಿದಳು. ಗೇಟು ದಾಟಿ, ಚಪ್ಪಡಿಯ ಮೇಲೆ ನಿಂತಲ್ಲೇ ತಿರುಗಿ, ಒಳಗೆ ಬಂದು, ಮಣಿಕಟ್ಟನ್ನು ಒಮ್ಮೆ ಮಡಚಿ ಬಿಡಿಸಿ, ಏನೂ ಹೇಳದೆ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, ರಾತ್ರಿಯ ಅಡುಗೆಗೆ ಆ ಚೀಲದ ಅಕ್ಕಿ ಬೇಕೆಂದು ಕೂಗಿದಳು. ಬ್ರೇಕಿನ ಪರೀಕ್ಷೆಗೆ ಬೇರೆ ಎಂಟು ಕೆ.ಜಿ. ಹುಡುಕಬೇಕು.