ಅಂಗಡ್ಯಾಗ ಸಿಗ್ತಾವಲ್ಲ, ಮನ್ಯಾಗ ಯಾಕ ಹೊಲಿತಿ?

ನನ್ನ ಬ್ರಾ, ಪ್ಯಾಂಟಿ ನಾನೇ ಹೊಲ್ಕೋತೀನಿ ಅಂತ ಗೊತ್ತಾದ್ರ ಸಾಕು, ಎಲ್ಲರದೂ ಒಂದೇ ಪ್ರಶ್ನೆ, ಸೂಪರ್ ಮಾರ್ಕೆಟ್‌ನಾಗ 150 ರೂಪಾಯಿಗೆ ಸಿಗ್ತದಲ್ಲವ್ವಾ, ಇಷ್ಟ್ಯಾಕ ತ್ರಾಸ ತಗೋತಿ? ಕಲಬುರಗಿದಾಗ ಕೇಳೋರು ಇದನ್ನೂ ಸಣ್ಣ ದನಿಲೇ ಕೇಳ್ತಾರ, ಅದು ಬ್ಯಾರೆ ಮಾತು.

ರೊಕ್ಕ ಉಳೀತದ ಅಂತ ಯಾರೂ ಇದಕ್ಕ ಇಳೀಬ್ಯಾಡ್ರಿ. ಎಲಾಸ್ಟಿಕ್, ಹುಕ್ ಪಟ್ಟಿ, ರಿಂಗು, ನೆಟ್ ಎಲ್ಲಾ ಬಿಡಿಬಿಡಿ ತಗೊಂಡ್ರ ಅಂಗಡಿದಕ್ಕಿಂತ ಹೆಚ್ಚೇ ಬೀಳ್ತದ. ನಾ ಹೊಲಿಯೋದು ಸೈಜಿನ ಸಲುವಾಗಿ.

ನೋಡ್ರಿ, ಎದಿ ಕೆಳಗ ಟೇಪ್ ಹಿಡದ್ರ ನಂದು 34, ಎದಿ ಮ್ಯಾಲ 38. ಫರಕು 4 ಇಂಚು, ಇಂಚಿಗೊಂದರಂಗ ಕಪ್ಪಿನ (ಎದಿ ಕೂಡೋ ಬಟ್ಟಲದ) ಅಕ್ಷರ ಎ, ಬಿ, ಸಿ, ಡಿ ಎಣಿಸಿದ್ರ 34ಡಿ ಆಯ್ತು. ಈಗ ಅಂಗಡಿಗೆ ಹೋಗಿ 34ಡಿ ಕೊಡ್ರಿ ಅನ್ರಿ, ಕೌಂಟರ್ ಹಿಂದಿನ ಅಣ್ಣ ಮುಖಾ ಸೈತ ಎತ್ತಲ್ದೇ 38ರ ಡಬ್ಬಿ ತಗದಿಡ್ತಾನ. ಅವನ ಲೆಕ್ಕಾನೂ ಪೂರಾ ತಪ್ಪಲ್ಲ, ಯಾಕಂದ್ರ 34ಡಿ, 36ಸಿ, 38ಬಿ ಮೂರರ ಕಪ್ಪೂ ಹೆಚ್ಚುಕಮ್ಮಿ ಒಂದೇ ಅಳತಿ. 38ರದ್ರಾಗ ಎದಿ ಕೆಳಗ ಸುತ್ತೋ ಪಟ್ಟಿ ಮಾತ್ರ 4 ಇಂಚು ಸಡಲ್. ಭಾರ ಹೊರೋದು ಖರೆ ಅಂದ್ರ ಆ ಪಟ್ಟಿನೇ, ಅದು ಸಡಲಾದ್ರ ಬೆನ್ನಾಗ ಮ್ಯಾಲ ಏರ್ಕೋತ ಹೋಗ್ತದ, ನಾವು ಸ್ಟ್ರಾಪ್ ಜಗ್ಗಿ ಬಿಗಿ ಮಾಡ್ತೀವಿ, ಭುಜದಾಗ ಕೆಂಪು ಗೆರಿ ಬೀಳ್ತಾವ, ಆಮ್ಯಾಲ ಹೆಗಲು ನೋವು ಅಂತ ಮುಲಾಮು ತಿಕ್ಕೋತ ಕೂಡ್ತೀವಿ. ಅರ್ಧ ಊರಿನ ಹೆಣ್ಮಕ್ಕಳದು ಇದೇ ಕಥಿ ಇರಬೇಕು ಅಂತ ನನ್ನ ಗುಮಾನಿ.

ಮತ್ತ ನಮ್ಮ ಬ್ಯಾಸಗಿ! ಮೇದಾಗ 42 ಡಿಗ್ರಿ ದಾಟಿದಾಗ ಫೋಮ್ ಕಪ್ಪು ಹಾಕ್ಕೊಂಡು ಬಸ್ಸಿನ್ಯಾಗ ನಿಂತೋರಿಗೆ ಬೆವರುಗುಳ್ಳಿ ಏನಂತ ನಾ ಹೇಳೋದು ಬ್ಯಾಡ. ನಾ ತೆಳು ಕಾಟನ್ ಹಾಕ್ತೀನಿ, ಮುಗೀತು.

ಎರಡನೇ ಪ್ರಶ್ನೆ, ಭಾಳ ಕಠಿಣ ಅದ ಏನು? ಕಟೋರಿ ಬ್ಲೌಸ್ ಹೊಲಿಯೋಕ ಬರ್ತದಾ ನಿಮಗ? ಹಂಗಾದ್ರ ಅರ್ಧ ಕೆಲಸ ಬಂದಂಗೇ. ಸಪಾಟ ಬಟ್ಟಿ ದುಂಡಗ ಆಗಬೇಕಂದ್ರ ತುಂಡು ಮಾಡಿ ಕೂಡಿಸ್ಬೇಕು, ಕಟೋರಿದಾಗೂ ಅದೇ, ಬ್ರಾದಾಗೂ ಅದೇ, ಕಪ್ಪಿಗೆ ಮೂರು ತುಂಡು, ಹೊಲಿಗಿಗೆ ಕಾಲಿಂಚು ಅಷ್ಟೇ ಬಿಡೋದು. ನಮ್ಮ ಅಜ್ಜಿಯವರು ಗುಳೇದಗುಡ್ಡದ ಖಣದ ಕುಬಸ ಮುಂದ ಗಂಟು ಹಾಕಿ ಉಡ್ತಿದ್ರಲ್ಲ, ಅದರಾಗ ಎಲ್ಲಿತ್ತು ಎಲಾಸ್ಟಿಕ್? ಎಲ್ಲಾ ಕತ್ತರಿಸೋದ್ರಾಗೇ ಇತ್ತು. ಅಷ್ಟ್ಯಾಕ, ಅಮೆರಿಕಾದಾಗ 1914ರಾಗ ಬ್ರಾಕ್ಕ ಪೇಟೆಂಟ್ ತಗೊಂಡ ಮೇರಿ ಫೆಲ್ಪ್ಸ್ ಜೇಕಬ್ ಸೈತ ಶುರು ಮಾಡಿದ್ದು ಎರಡು ಕರ್ಚೀಫು, ಒಂದಿಷ್ಟು ರಿಬ್ಬನ್‌ದಿಂದ.

ಹೊಸಾದು ಕಲಿಯೋದು ಅಂದ್ರ ಎಲಾಸ್ಟಿಕ್. ಪಟ್ಟಿಕಿಂತ ಸ್ವಲ್ಪ ಗಿಡ್ಡ ಕತ್ತರಿಸಿ, ಜಗ್ಗಿ ಹಿಡದು ಝಿಗ್‌ಝ್ಯಾಗ್ (ಅಂಕುಡೊಂಕು ಹೊಲಿಗಿ) ಹಾಕ್ಬೇಕು, ಹೊಳ್ಳಿಸಿ ಇನ್ನೊಂದು ಸಲ. ಜಗ್ಗೋ ಬಟ್ಟಿ ಇದ್ರ ತುದಿ ದುಂಡಗಿರೋ ಬಾಲ್‌ಪಾಯಿಂಟ್ ಸೂಜಿ, 75 ನಂಬರಿಂದು, ತಗೋರಿ, ಮಾಮೂಲಿ ಸೂಜಿಲೇ ಹೊಲಿಗಿ ಬಿಟ್ಟುಬಿಟ್ಟು ಬೀಳ್ತದ. ದಾರ ಪಾಲಿಸ್ಟರ್. ಬಟ್ಟಿ ಎತ್ತ ಜಗ್ತದೋ ಅದು ಮೈ ಸುತ್ತ ಬರಂಗ ಕತ್ತರಿಸ್ರಿ, ಎರಡು ಕಪ್ಪಿನ ನಡುವಿನ ತುಂಡು ಮಾತ್ರ ಜಗ್ಗಬಾರ್ದು, ಅದಕ್ಕ ಒಳಗ ಗಟ್ಟಿ ಲೈನಿಂಗ್ ಕೊಡ್ರಿ.

ಮನ್ಯಾಗ ಕರೇ ಕಾಲ್‌ಮಷೀನ್ ಅದ, ಝಿಗ್‌ಝ್ಯಾಗ್ ಇಲ್ಲ ಅನ್ನೋರೇ ಭಾಳ. ನಡೀತದ. ಎರಡೂ ಕಪ್ ಕಾಟನ್‌ದು ಮಾಡ್ರಿ, ಎಲಾಸ್ಟಿಕ್‌ನ ಹಿಂದಿನ ಪಟ್ಟ್ಯಾಗ ಲಂಗದ ನಾಡಿಯಂಗ ನ್ಯಾಫಾದಾಗ ತೂರಿಸಿ ಎರಡೂ ತುದಿ ಗಟ್ಟಿ ಹೊಲೀರಿ. ನೇರ ಹೊಲಿಗಿನ ಎಲಾಸ್ಟಿಕ್ ಮ್ಯಾಲ ಹಾಕಿದ್ರ ಮೊದಲ ಸಲ ಜಗ್ಗಿದಾಗೇ ದಾರ ಪಟ್ ಅಂತದ.

ಕೈ ಕುದರೋ ತನಕ ಹಳೇ ಟೀಶರ್ಟ್ ಹರದು ಪ್ಯಾಂಟಿ ಹೊಲೀರಿ, ಕಾಲಿನ ನಡುವಿನ ತುಂಡು ಎರಡು ಪದರು ಕಾಟನ್ ಇರ್ಲಿ. ಬ್ರಾಕ್ಕ ಕಪ್ಪಿನ ಕೆಳಗ ವೈರ್ ಹಾಕೋದು ಸದ್ಯ ಬ್ಯಾಡ, ನಾನೂ ಹಾಕಂಗಿಲ್ಲ.