ಗಾರ್ಡಿಯನ್ ಯಾರು ಅನ್ನುವುದಕ್ಕೆ ಮೊದಲು, ಯಾತಕ್ಕೆ ಅಂತ ಕೇಳಿ

ನಾನು ಸಮಾಜ ಕಾರ್ಯಕರ್ತೆ. ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರ ಜೊತೆ, ಅವರ ಮನೆಯವರ ಜೊತೆ ನನ್ನ ಕೆಲಸ. ನಮ್ಮಲ್ಲಿಗೆ ಬರುವ ಅಪ್ಪ ಅಮ್ಮಂದಿರು ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: "ನಮ್ಮ ನಂತರ ಇವನಿಗೆ ಯಾರು?" ಅವರು ಹೋದ ಮೇಲೆ ಅದೇ ಪ್ರಶ್ನೆ ಜಗಳವಾಗಿ ನಮ್ಮ ಮೇಜಿಗೆ ಬರುತ್ತದೆ.

ಈಚೆಗೆ ಬಂದದ್ದು ಅಂಥದ್ದೇ ಒಂದು ಕೇಸು. ನಲವತ್ತರ ಹತ್ತಿರದ ವ್ಯಕ್ತಿ. ಅಪ್ಪ ಮೊದಲೇ ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅಣ್ಣನೂ ಅಕ್ಕನೂ ಗಾರ್ಡಿಯನ್‌ಶಿಪ್‌ಗೆ, ಅಂದರೆ ಅವನ ಪರವಾಗಿ ತೀರ್ಮಾನ ಮಾಡುವ, ಸಹಿ ಹಾಕುವ ಕಾನೂನಿನ ಅಧಿಕಾರಕ್ಕೆ, ಬೇರೆ ಬೇರೆ ಅರ್ಜಿ ಹಾಕಿದ್ದರು. "ಇಷ್ಟು ವರ್ಷ ಮನೆ ನಡೆಸಿದ್ದು ನಾನು" ಅಂತ ಅಣ್ಣ. "ಅಮ್ಮ ಹಾಸಿಗೆ ಹಿಡಿದಾಗಿನಿಂದ ಅವನನ್ನು ನೋಡಿಕೊಂಡಿದ್ದು ನಾನು" ಅಂತ ಅಕ್ಕ. ಇಬ್ಬರೂ ಹೇಳಿದ್ದು ನಿಜವೇ. ಅವರ ಮಧ್ಯೆ ಕುಟುಂಬ ಪಿಂಚಣಿ ಇತ್ತು, ಮೂವರಿಗೂ ಪಾಲಿರುವ ಒಂದು ಮನೆ ಇತ್ತು.

ಎಷ್ಟೋ ಮನೆಯವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಮಗುವಿಗೆ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಹೆತ್ತವರೂ ತಾವಾಗಿಯೇ ಗಾರ್ಡಿಯನ್ ಆಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇರುವುದು ಇದಕ್ಕೇ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ, ಈ ನಾಲ್ಕು ಅದರಡಿ ಬರುತ್ತವೆ. ಹೆತ್ತವರು ಅಥವಾ ಸಂಬಂಧಿಕರು ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆ ಇಲ್ಲದ ಒಬ್ಬ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬರು ಇರುತ್ತಾರೆ. ಮೂರನೆಯವರು ಇರುವುದು ಎಷ್ಟು ಮುಖ್ಯ ಅಂತ ಕೆಲಸ ಮಾಡುತ್ತಾ ಮಾಡುತ್ತಾ ನನಗೆ ಅರ್ಥವಾಗಿದೆ. ಬೇರೆಯವರು ಕೇಳದ ಪ್ರಶ್ನೆಯನ್ನು ಅವರು ಕೇಳುತ್ತಾರೆ.

ಅದೇ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸಮಿತಿ ಎರಡು ವಿಷಯ ನೋಡಬೇಕು. ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ? ಬೇಕಾದರೆ ಯಾವ ಕೆಲಸಕ್ಕೆ? ಜಗಳ ಆಡುವ ಮನೆಗಳಲ್ಲಿ ಇವೆರಡನ್ನು ಯಾರೂ ಕೇಳುವುದೇ ಇಲ್ಲ. ಎಲ್ಲರದೂ ನೇರ "ಯಾರು" ಅನ್ನುವುದಕ್ಕೇ ಜಿಗಿತ.

ಕಾಗದಪತ್ರಕ್ಕೆ ಅಂತ ಮೂವರನ್ನೂ ಕರೆಸಿದ್ದೆ. ಅಣ್ಣ ಬರುವಾಗಲೇ ಇಂಕ್ ಪ್ಯಾಡ್ ತಂದಿದ್ದರು, ತಮ್ಮನ ಹೆಬ್ಬೆಟ್ಟು ಒತ್ತಿಸಲು. ತಮ್ಮನ ಕೈ ಹಿಡಿದು ಹೆಬ್ಬೆರಳನ್ನು ಪ್ಯಾಡ್ ಕಡೆ ಎಳೆದರು. ಅವನು ಕೈ ಬಿಡಿಸಿಕೊಂಡ. ನನ್ನ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ತನ್ನ ಹೆಸರಿನ ಮೂರು ಅಕ್ಷರ ಬರೆದ. ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿತ್ತು. ಅಮ್ಮ ಕಲಿಸಿದ್ದರಂತೆ. ಅಕ್ಕನಿಗೂ ಗೊತ್ತಿರಲಿಲ್ಲ.

ಅವತ್ತು ಅರ್ಜಿಯನ್ನು ಪಕ್ಕಕ್ಕಿಟ್ಟೆವು. ಒಂದು ಹಾಳೆ ತೆಗೆದುಕೊಂಡು ಅವನ ದಿನವನ್ನೇ ಬರೆಯುತ್ತಾ ಹೋದೆವು. ತಾನೇ ಏನು ಮಾಡುತ್ತಾನೆ, ಪಕ್ಕದಲ್ಲಿ ಯಾರಾದರೂ ಇದ್ದರೆ ಏನು ಮಾಡುತ್ತಾನೆ, ಅವನ ಪರವಾಗಿ ಇನ್ನೊಬ್ಬರು ಸಹಿ ಹಾಕಲೇಬೇಕಾದದ್ದು ಯಾವುದು. ಬಟ್ಟೆ ಆರಿಸುವುದು, ಯಾರ ಮನೆಯಲ್ಲಿ ಇರಬೇಕು ಅನ್ನುವುದು ಅವನದೇ ಆಯ್ಕೆ. ಊರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಎರಡು ಸಲ ಹೇಳಿದರೆ ಸಾಕು, ಇಲ್ಲದಿದ್ದರೆ ತುಂಬಾ ಹೆದರುತ್ತಾನೆ. ಮೂರನೇ ಸಾಲಿನಲ್ಲಿ ಉಳಿದದ್ದು ಪಿಂಚಣಿ, ಬ್ಯಾಂಕು, ದೊಡ್ಡ ಚಿಕಿತ್ಸೆಗೆ ಒಪ್ಪಿಗೆ, ಮನೆಯ ಪಾಲು. ಅಷ್ಟೇ.

ಹಾಳೆ ತುಂಬುತ್ತಾ ಬಂದಂತೆ ಮಾತಿನ ಬಿಸಿ ಇಳಿಯಿತು. ಅಣ್ಣನ ಮನಸ್ಸಿನಲ್ಲಿ ಏನಿತ್ತು ಅನ್ನುವುದೂ ಆಗಲೇ ಹೊರಗೆ ಬಂತು. ಅಕ್ಕನ ಹೆಸರಿಗೆ ಗಾರ್ಡಿಯನ್‌ಶಿಪ್ ಆದರೆ ತಮ್ಮನನ್ನು ನೋಡಲು ಬಿಡುವುದಿಲ್ಲವೇನೋ ಅನ್ನುವ ಭಯ ಅವರಿಗೆ. ಅಣ್ಣ ಗಾರ್ಡಿಯನ್ ಆದರೆ ಮನೆ ಮಾರಿಬಿಡುತ್ತಾನೆ ಅನ್ನುವುದು ಅಕ್ಕನ ಭಯ. ಆಸ್ತಿ ಜಗಳ ಅಂತ ನಾವು ಸುಮ್ನೆ ಹಣೆಪಟ್ಟಿ ಹಚ್ಚುತ್ತೇವೆ. ಒಳಗೆ ಇಂಥದ್ದು ಜಾಸ್ತಿ ಇರುತ್ತದೆ.

ಗಾರ್ಡಿಯನ್ ಆದವರು ಲೆಕ್ಕ ಕೊಡಬೇಕು ಅನ್ನುವುದನ್ನು ನಾನು ಇಬ್ಬರಿಗೂ ಓದಿ ಹೇಳಿದೆ. ನೇಮಕವಾದ 6 ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಸಾಲ, ಬರಬೇಕಾದ ಹಣ ಎಲ್ಲದರ ಪಟ್ಟಿ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕಪತ್ರ ಸಲ್ಲಿಸಬೇಕು. ಸರಿಯಾಗಿ ನೋಡಿಕೊಳ್ಳದಿದ್ದರೆ, ಹಣ ದುರುಪಯೋಗ ಮಾಡಿದರೆ, ಸಂಬಂಧಿಕರು ಸಮಿತಿಗೆ ದೂರು ಕೊಟ್ಟು ಗಾರ್ಡಿಯನ್‌ರನ್ನು ತೆಗೆಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೀಮಿತ ಪಾಲಕತ್ವ (ಲಿಮಿಟೆಡ್ ಗಾರ್ಡಿಯನ್‌ಶಿಪ್) ಅಂದರೆ ಗಾರ್ಡಿಯನ್ ಮತ್ತು ಆ ವ್ಯಕ್ತಿ ಇಬ್ಬರೂ ಕೂಡಿ, ಪರಸ್ಪರ ನಂಬಿಕೆಯಿಂದ ತೀರ್ಮಾನ ಮಾಡುವುದು ಅಂತ ಅದು ಹೇಳುತ್ತದೆ. ಹಣ ಆಸ್ತಿಯ ವ್ಯವಹಾರದಲ್ಲಿ ನೆರವು ಕೊಡುವವರದೇ ಲಾಭ ಅಡ್ಡ ಬಂದರೆ, ಆ ವ್ಯವಹಾರದಿಂದ ಅವರು ದೂರ ಇರಬೇಕು ಅಂತಲೂ ಅದರಲ್ಲಿದೆ. ಇದನ್ನು ಕೇಳಿ ಅಣ್ಣ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಅವಳೇ ಆಗಲಿ, ಲೆಕ್ಕ ನನಗೂ ತೋರಿಸಲಿ" ಅಂದರು.

ಎಲ್ಲಿ ಇರುತ್ತೀಯ ಅಂತ ಅವನನ್ನೇ ಕೇಳಿದೆವು. ಅಣ್ಣ ಅಕ್ಕ ಇಬ್ಬರೂ ಎದುರಿಗಿದ್ದಾಗ ಉತ್ತರ ಬರಲಿಲ್ಲ. ಬೇರೆ ಬೇರೆ ದಿನ, ಒಬ್ಬನೇ ಇದ್ದಾಗ ಕೇಳಿದಾಗೆಲ್ಲ ಅಕ್ಕನ ಮನೆ ಅಂದ. ಭಾನುವಾರ ಅಣ್ಣ ಅಂತಲೂ ಸೇರಿಸಿದ. ಇಂಥ ಪ್ರಶ್ನೆಯನ್ನು ಒಂದೇ ಸಲ, ಎಲ್ಲರ ಮುಂದೆ ಕೇಳಿ ಮುಗಿಸುವುದು ಅನ್ಯಾಯ. ವರದಿಯಲ್ಲಿ ಅವನ ಮಾತನ್ನು ಅವನು ಹೇಳಿದಂತೆಯೇ ಬರೆದೆ. ಅಕ್ಕನ ನೇಮಕವಾಯಿತು. ಭಾನುವಾರದ ವಿಷಯವನ್ನು ಇಬ್ಬರೂ ಬರೆದು ಸಹಿ ಹಾಕಿದರು. ಅವನೂ ಹಾಕಿದ.

ಮನೆಯ ಪಾಲಿನ ತಕರಾರು ಇನ್ನೂ ಇದೆ, ಅದನ್ನು ವಕೀಲರು ನೋಡುತ್ತಿದ್ದಾರೆ. ಅದನ್ನು ಗಾರ್ಡಿಯನ್‌ಶಿಪ್ ಅರ್ಜಿಯ ಜೊತೆ ಬೆರೆಸಬೇಡಿ ಅಂತ ಈಗ ಪ್ರತಿ ಮನೆಯವರಿಗೂ ಮೊದಲ ಭೇಟಿಯಲ್ಲೇ ಹೇಳುತ್ತೇನೆ. ವಯಸ್ಸಾದ ಅಪ್ಪ ಅಮ್ಮ ಬಂದರೆ ಇನ್ನೊಂದು ಮಾತು ಸೇರಿಸುತ್ತೇನೆ: ನೀವು ಇರುವಾಗಲೇ, ನೀವು ನಂಬುವವರ ಹೆಸರು ಕೊಟ್ಟು ಅರ್ಜಿ ಹಾಕಬಹುದು. ಆ ಹಾಳೆಯನ್ನೂ ನೀವೇ ತುಂಬಿ, ಪಕ್ಕದಲ್ಲಿ ಮಗನನ್ನೋ ಮಗಳನ್ನೋ ಕೂರಿಸಿಕೊಂಡು.