ಅಂಗಾತ ಮಲಗಿದ ಅಧ್ಯಕ್ಷ

ಅಪ್ಪ ಅಮೆರಿಕಕ್ಕೆ ಬಂದು ಹನ್ನೊಂದು ದಿನವಾಗಿತ್ತು. ಬೇಸರ ಅಂತ ಬಾಯಿಬಿಟ್ಟು ಹೇಳದೆ ದಿನಕ್ಕೆ ನಾಲ್ಕು ಸಲ ಕಾಫಿ ಕೇಳುತ್ತಿದ್ದರು. ಮಾಲೂರು ಕಡೆಯ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ರಜೆ ಬಂದರೆ ಶಿವಾರಪಟ್ಟಣದ ಶಿಲ್ಪಿಗಳ ಅಂಗಳದಲ್ಲೇ ಇರುತ್ತಿದ್ದವರು. ಇಂಥವರಿಗೆ ಮಾಲ್ ತೋರಿಸಿ ಏನು ಮಾಡಲಿ? 2022ರ ಬೇಸಿಗೆಯ ಒಂದು ಶನಿವಾರ ಅವರನ್ನೂ ಆರು ವರ್ಷದ ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು ವರ್ಜೀನಿಯಾ ರಾಜ್ಯದ ರಿಚ್ಮಂಡ್ ಪೇಟೆಯ ವ್ಯಾಲೆಂಟೈನ್ ಮ್ಯೂಸಿಯಮ್ಮಿಗೆ ಹೊರಟೆ.

ಬೇಕಂತಲೇ ಮಾನ್ಯುಮೆಂಟ್ ಅವೆನ್ಯೂ ಹಿಡಿದೆ. ದೊಡ್ಡ ವೃತ್ತದ ಹತ್ತಿರ ಕಾರು ನಿಧಾನ ಮಾಡಿದಾಗ ಅಪ್ಪ ಆ ಕಡೆ ಈ ಕಡೆ ನೋಡಿದರು. "ಇಲ್ಲೇನಿದೆ?"

"ಈಗೇನೂ ಇಲ್ಲ. ಹೋದ ವರ್ಷದ ತನಕ ಜನರಲ್ ಲೀ ಇದ್ದ, ಕುದುರೆ ಸಮೇತ."

ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳಿಗೆ ಈ ರಿಚ್ಮಂಡೇ ರಾಜಧಾನಿ. ಅವರ ದಂಡನಾಯಕ ಲೀಯ ಪ್ರತಿಮೆಯನ್ನು ಫ್ರಾನ್ಸಿನ ಆಂಟೊನಿನ್ ಮರ್ಸಿಯೆ ಮಾಡಿದ. ಅದು ನಿಂತದ್ದು 1890ರಲ್ಲಿ. 21 ಅಡಿ ಎತ್ತರ, 12 ಟನ್ ಕಂಚು, ಕೆಳಗೆ ಮೂರ್ನಾಲ್ಕು ಮಹಡಿಯಷ್ಟು ಎತ್ತರದ ಪೀಠ. ಆಗಲೇ ರಿಚ್ಮಂಡ್ ಪ್ಲಾನೆಟ್ ಪತ್ರಿಕೆಯ ಕಪ್ಪುವರ್ಣೀಯ ಸಂಪಾದಕ ಜಾನ್ ಮಿಚೆಲ್ ಬರೆದಿದ್ದರಂತೆ: ಇದನ್ನು ಎತ್ತಿ ನಿಲ್ಲಿಸಿದವನು ಕಪ್ಪು ಮನುಷ್ಯ, ಕಾಲ ಬಂದರೆ ಇಳಿಸುವುದಕ್ಕೂ ಅವನೇ ಇರುತ್ತಾನೆ. 2021ರ ಸೆಪ್ಟೆಂಬರ್ 8ರಂದು ಅದನ್ನು ಇಳಿಸಿದ ಗುತ್ತಿಗೆದಾರರೂ ಕಪ್ಪುವರ್ಣೀಯರೇ. ಆ ಬೆಳಗ್ಗೆ ನಾನೂ ಜನರ ಮಧ್ಯೆ ನಿಂತಿದ್ದೆ. ಸೇತುವೆಗಳ ಕೆಳಗೆ ಹಾಯಬೇಕಲ್ಲ, ಲೀಯನ್ನು ಸೊಂಟದ ಹತ್ತಿರ ಗರಗಸದಿಂದ ಕೊಯ್ದರು. ಆ ಸದ್ದಿಗೆ ಹಲ್ಲು ಜುಮ್ಮೆಂದಿತ್ತು.

"ಕುದುರೆ ಹೇಗಿತ್ತು?" ಅಪ್ಪನ ಪ್ರಶ್ನೆ.

ಹನ್ನೆರಡು ವರ್ಷ ಅದರ ಸುತ್ತ ಕಾರು ತಿರುಗಿಸಿದ್ದೇನೆ, ಕುದುರೆ ಹೇಗಿತ್ತು ಅಂತ ನನಗೆ ಗೊತ್ತಿಲ್ಲ! ಮೊಬೈಲಿನಲ್ಲಿದ್ದ ಫೋಟೊ ಕೊಟ್ಟೆ. ಅಪ್ಪ ಕುದುರೆಯ ಮೊಣಕಾಲನ್ನೇ ಹಿಗ್ಗಿಸಿ ಬಹಳ ಹೊತ್ತು ನೋಡಿ, "ಕುದುರೆ ಬಲ್ಲವನ ಕೆಲಸ" ಅಂದರು. ನಮ್ಮ ಆಫೀಸಿನ ಒಬ್ಬರು 2020ರಲ್ಲಿ ಇದನ್ನೇ ಹೇಳಿ ವಾದ ಮಾಡುತ್ತಿದ್ದರು: ರಾಜಕೀಯ ಬಿಡಿ, ಇದು ಕಲೆ. ಪಕ್ಕದ ಮನೆಯ ಕಪ್ಪು ಹೆಂಗಸಿಗೆ ಅದನ್ನು ಹೇಳಿದಾಗ ಅವರು ಜಗಳಕ್ಕೇನೂ ಬರಲಿಲ್ಲ. "ನಾನು ಚಿಕ್ಕವಳಿದ್ದಾಗ ನಮ್ಮಪ್ಪ ಆ ರಸ್ತೆ ಬಿಟ್ಟು ಸುತ್ತಿಕೊಂಡು ಹೋಗೋರು" ಅಂದರು, ಗಿಡಕ್ಕೆ ನೀರು ಹಾಕುತ್ತಾ.

ಮ್ಯೂಸಿಯಮ್ಮಿನಲ್ಲಿ ನಾವು ನೋಡಹೊರಟಿದ್ದು ಜೆಫರ್ಸನ್ ಡೇವಿಸ್‌ನನ್ನು, ಆ ಬಂಡಾಯ ಸರ್ಕಾರದ ಅಧ್ಯಕ್ಷನನ್ನು. 1907ರಲ್ಲಿ ಅದೇ ರಸ್ತೆಯಲ್ಲಿ ನಿಂತವನು. ಯುದ್ಧ ಮುಗಿದು 42 ವರ್ಷದ ಮೇಲೆ! ಅದಕ್ಕೆ ಐದು ವರ್ಷ ಮುಂಚೆಯಷ್ಟೇ ವರ್ಜೀನಿಯಾ ಹೊಸ ಸಂವಿಧಾನ ಬರೆದು ಬಹುಪಾಲು ಕಪ್ಪು ಜನರ ಓಟು ಕಿತ್ತುಕೊಂಡಿತ್ತು. ಇದನ್ನು ತಿಳಿದ ಮೇಲೆ ಆ ಪ್ರತಿಮೆಗಳು ಬರೀ ಸತ್ತವರ ನೆನಪಿಗೆ ಅನ್ನುವ ಮಾತು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. 2020ರ ಜೂನ್ 10ರ ರಾತ್ರಿ ವರ್ಣಭೇದದ ವಿರುದ್ಧ ಬೀದಿಗಿಳಿದಿದ್ದ ಪ್ರತಿಭಟನಕಾರರು ಡೇವಿಸ್‌ನನ್ನು ಕೆಡವಿದರು.

ಬಿದ್ದ ಹಾಗೇ ಇಟ್ಟಿದ್ದರು. ಅಂಗಾತ. ತಲೆ ಜಜ್ಜಿತ್ತು, ಮೈಮೇಲೆಲ್ಲ ಗುಲಾಬಿ ಬಣ್ಣ. ಭಾಷಣ ಮಾಡಲು ಚಾಚಿದ್ದ ಬಲಗೈ ಈಗ ಸೂರಿನ ಕಡೆ ಎದ್ದಿತ್ತು, ಯಾರಾದರೂ ಹಿಡಿದು ಎಬ್ಬಿಸಲಿ ಅನ್ನುವ ಹಾಗೆ. ಅಪ್ಪ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬಂದರು, ಮಂಡಿ ನೋವು ಮರೆತು ಕುಕ್ಕರಗಾಲಲ್ಲಿ ಕೂತರು. "ಕೋಟಿನ ಮಡಿಕೆ ನೋಡು. ಬೆರಳಿನ ಗಂಟು ನೋಡು. ಎಂಥಾ ಕಲೆ!"

"ಹೌದು ತಾತ, ತುಂಬಾ ಕಲೆ" ಅಂದಳು ಮಗಳು, ಗುಲಾಬಿ ಬಣ್ಣ ತೋರಿಸಿ. "ಒಗೆದರೂ ಹೋಗಲ್ವಾ?"

ಅವಳಿಗೆ ಗೊತ್ತಿರುವ ಕನ್ನಡದಲ್ಲಿ ಕಲೆ ಅಂದರೆ ಅಂಗಿ ಮೇಲೆ ಚೆಲ್ಲಿದ ಸಾರು. ನಾನು ನಕ್ಕೆ. ಅಪ್ಪ ನಗಲಿಲ್ಲ.

ಇದನ್ನು ಮಾಡಿದ ಎಡ್ವರ್ಡ್ ವ್ಯಾಲೆಂಟೈನ್ ಈ ಮ್ಯೂಸಿಯಮ್ಮಿನ ಮೊದಲ ಅಧ್ಯಕ್ಷನೇ. ಲೆಕ್ಸಿಂಗ್ಟನ್ನಿನಲ್ಲಿ ಮಲಗಿ ನಿದ್ದೆ ಮಾಡುತ್ತಿರುವ ಲೀಯನ್ನು ಅಮೃತಶಿಲೆಯಲ್ಲಿ ಕಡೆದವನೂ ಅವನೇ. ಲೀಯನ್ನು ಮಲಗಿಸಿದ, ಡೇವಿಸ್‌ನನ್ನು ನಿಲ್ಲಿಸಿದ. ಈಗ ಇಬ್ಬರೂ ಮಲಗಿದ್ದಾರೆ ಅಂದಾಗ ಅಪ್ಪ ಕತ್ತೆತ್ತಿ, "ಜೀರ್ಣೋದ್ಧಾರದಲ್ಲಿ ಮೂರ್ತಿ ಕದಲಿಸೋ ಮುಂಚೆ ಕಳಾಕರ್ಷಣೆ ಮಾಡ್ತಾರೆ, ಗೊತ್ತಾ? ಕಳೆಯನ್ನ ಕಲಶಕ್ಕೆ ಇಳಿಸಿಕೊಂಡ ಮೇಲೆ ಅದು ಬರೀ ಕಲ್ಲು. ಆಗ ಹತ್ತಿರ ಹೋಗಿ ನೋಡಬಹುದು" ಅಂದರು. ಸ್ವಲ್ಪ ತಡೆದು, "ನಮ್ಮ ಹೈಕೋರ್ಟ್ ಮುಂದಿದ್ದ ಕಬ್ಬನ್ ಸಾಹೇಬನ್ನೂ ಅದೇ ಜೂನ್‌ನಲ್ಲೇ ಅಲ್ವಾ ಪಾರ್ಕಿನೊಳಕ್ಕೆ ಸಾಗಿಸಿದ್ದು? ಒಬ್ಬರೂ ಒಂದು ಕಲ್ಲು ಎಸೀಲಿಲ್ಲ. ಅವನ ಕಳೆ ಯಾವತ್ತೋ ಹೋಗಿತ್ತು."

ಮುಂದೆ 2023ರಲ್ಲಿ ಷಾರ್ಲಟ್ಸ್‌ವಿಲ್‌ನ ಲೀ ಪ್ರತಿಮೆಯನ್ನು ಕುಲುಮೆಗೆ ಹಾಕಿ ಕರಗಿಸಿದಾಗ ಫೋನಿನಲ್ಲಿ ತಿಳಿಸಿದೆ. 2017ರಲ್ಲಿ ಅದರ ನೆಪದಲ್ಲೇ ಅಲ್ಲಿ ಜನಾಂಗದ್ವೇಷಿಗಳು ಸೇರಿ, ವಿರೋಧಿಸಿದವರ ಮೇಲೆ ಕಾರು ನುಗ್ಗಿಸಿ ಒಂದು ಹೆಣ ಬಿದ್ದಿತ್ತು. ಅದಕ್ಕೇ ಕರಗಿಸಿದ್ದು ತಪ್ಪು ಅನ್ನಲಾರೆ, ಸರಿ ಅನ್ನುವುದಕ್ಕೂ ನಾಲಗೆ ಏಳುವುದಿಲ್ಲ. "ಹಳೇ ಘಂಟೆ ಕರಗಿಸಿ ಹೊಸದು ಎರೆಯಲ್ವಾ? ಆದ್ರೆ ಮೊದಲು ಒಂದು ಸಲ ನೆಲದ ಮೇಲೆ ಮಲಗಿಸಿ ಎಲ್ಲರಿಗೂ ತೋರಿಸಬೇಕಿತ್ತು" ಅಂದಿದ್ದರು ಅಪ್ಪ.

ಆ ಶನಿವಾರ ಅವರು ಅಲ್ಲಿಂದ ಏಳಲೇ ಇಲ್ಲ. ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು 2ಬಿ ಪೆನ್ಸಿಲ್ಲಿನಲ್ಲಿ ಆ ಎತ್ತಿದ ಕೈಯನ್ನು ಬರೆಯತೊಡಗಿದರು. ಮಗಳು ಪಕ್ಕದಲ್ಲಿ ಕೂತು ನೋಡಿದಳು. ಮುಕ್ಕಾಲು ಗಂಟೆಯಲ್ಲಿ ಬೆರಳು, ತೋಳು, ಕೋಟು, ಜಜ್ಜಿದ ಹಣೆ ಎಲ್ಲ ಬಂತು. ನನಗಂತೂ ಮುಗಿದ ಹಾಗೇ ಕಂಡಿತು. ಅಪ್ಪ ಮಾತ್ರ ಪುಸ್ತಕವನ್ನು ಕಣ್ಣಿನಿಂದ ದೂರ ಹಿಡಿದು ನೋಡಿ ತಲೆ ಆಡಿಸಿದರು.

ಕಾರಿಗೆ ಬಂದು ಕೂತ ಮೇಲೆ ಹಿಂದಕ್ಕೆ ಕೈ ಚಾಚಿ, "ಪುಟ್ಟಿ, ನಿನ್ನ ಪಿಂಕ್ ಕ್ರೇಯಾನ್ ಕೊಡಮ್ಮ" ಅಂದರು.

ಅವಳು ಕೊಟ್ಟಳು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಹಿಂದಿನಿಂದ ತಪ್ಪು ತಿದ್ದುವ ದನಿ ಬಂತು. "ಅಲ್ಲಲ್ಲ ತಾತ, ಇನ್ನೂ ಮೇಲೆ. ಮುಖದ ಮೇಲೂ ಇತ್ತು."